ಒಂದೇ ದಿನದ ಹಲ್ಲು: ಅಂದವನ್ನು ಅಳೆಯುವ ಲೆಕ್ಕ ಸರಿಯಿದೆಯೆ?

ಮುಂದಿನ ಬಾಚಿಹಲ್ಲು ಮುರಿದರೆ ಅದರ ಬೇರನ್ನು ಕಿತ್ತು, ಅದೇ ಕುಳಿಯಲ್ಲಿ ಅದೇ ದಿನ ಟೈಟೇನಿಯಮ್ ತಿರುಪನ್ನು ಕೂರಿಸುವ ಚಿಕಿತ್ಸೆ ಇಂದು ಮಹಾನಗರಗಳಿಗೆ ಮಾತ್ರ ಸೀಮಿತವಾಗಿಲ್ಲ. ಹೊಸಪೇಟೆ, ಬಳ್ಳಾರಿಗಳಂಥ ಊರುಗಳಲ್ಲೂ ‘ಇಂಪ್ಲಾಂಟ್’ ಎಂಬ ಪದ ಜನರ ಬಾಯಲ್ಲಿದೆ. ಸಂಡೂರಿನಲ್ಲೋ ಕಂಪ್ಲಿಯಲ್ಲೋ ಮೋಟಾರು ಸೈಕಲ್ಲಿನಿಂದ ಬಿದ್ದು ಹಲ್ಲು ಕಳೆದುಕೊಂಡ ಯುವಕನಿಗೆ ಮನೆಯವರು ಮೊದಲು ಕೇಳುವ ಪ್ರಶ್ನೆ, ‘ಮದುವೆ ಹೊತ್ತಿಗೆ ಮೊದಲಿನಂತೆ ಕಾಣುತ್ತದೆಯೆ?’ ಎಂಬುದೇ. ಅಗಿಯಲು ಬರುತ್ತದೆಯೆ ಎಂಬುದು ಆಮೇಲಿನ ಮಾತು.

ತಕ್ಷಣದ ಇಂಪ್ಲಾಂಟಿನ ಬಗ್ಗೆ ಎರಡು ಹೇಳಿಕೆಗಳು ಸಾಮಾನ್ಯವಾಗಿ ಜೊತೆಜೊತೆಯಾಗಿ ಕೇಳಿಬರುತ್ತವೆ. ಒಂದು, ಇದು ನೂರಕ್ಕೆ ತೊಂಬತ್ತೆಂಟು ಪಾಲು ಯಶಸ್ವಿ. ಇನ್ನೊಂದು, ಹೊಸ ಹಲ್ಲು ಸ್ವಂತ ಹಲ್ಲಿನಂತೆಯೇ ಕಾಣುತ್ತದೆ. ಮೊದಲನೆಯದಕ್ಕೆ ಸಾಕಷ್ಟು ಆಧಾರವಿದೆ. ಆದರೆ ಮೊದಲನೆಯದನ್ನೇ ಎರಡನೆಯದಕ್ಕೂ ಆಧಾರವೆಂದು ತೋರಿಸಿದರೆ ತರ್ಕ ಹಳಿ ತಪ್ಪುತ್ತದೆ. ಈ ಲೇಖಕ ದಂತವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಆದ್ದರಿಂದ ಯಾರಿಗೆ ಯಾವ ಚಿಕಿತ್ಸೆ ಆಗಬೇಕು ಎಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ‘ಚೆನ್ನಾಗಿ ಕಾಣುತ್ತದೆ’ ಎಂಬುದನ್ನು ಹೇಗೆ ಅಳೆದಿದ್ದಾರೆ, ಆ ಅಳತೆ ಎಷ್ಟು ಗಟ್ಟಿ ಎಂಬುದಷ್ಟೇ ನಮ್ಮ ವಿಮರ್ಶೆಯ ವಿಷಯ.

ಉಳಿಯುವುದು ಬೇರೆ, ಒಪ್ಪುವುದು ಬೇರೆ

ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದ ಆರಂಭದಲ್ಲಿ ಮೊಲಗಳ ಮೂಳೆಯನ್ನು ಅಭ್ಯಸಿಸುತ್ತಿದ್ದಾಗ ಟೈಟೇನಿಯಮ್ ಲೋಹಕ್ಕೆ ಮೂಳೆ ಬಿಗಿಯಾಗಿ ಬೆಸೆದುಕೊಳ್ಳುವುದನ್ನು ಕಂಡರು. 1965ರಲ್ಲಿ ಮೊದಲ ಬಾರಿಗೆ ಮನುಷ್ಯನ ದವಡೆಯಲ್ಲಿ ಇಂಥ ಇಂಪ್ಲಾಂಟನ್ನು ಕೂರಿಸಿದರು. ಅಂದಿನ ಕ್ರಮದಲ್ಲಿ ಹಲ್ಲು ಕಿತ್ತ ಕುಳಿ ಮಾಗಲು ತಿಂಗಳುಗಟ್ಟಲೆ ಕಾಯಬೇಕಿತ್ತು. ತಿರುಪು ಕೂರಿಸಿದ ಮೇಲೂ ಮತ್ತೆ ಮೂರರಿಂದ ಆರು ತಿಂಗಳು ಕಾಯಬೇಕಿತ್ತು. ಆಗಿನ ರೋಗಿಗಳು ಬಹುಮಟ್ಟಿಗೆ ಹಲ್ಲೆಲ್ಲ ಕಳೆದುಕೊಂಡು ಊಟಕ್ಕೇ ಕಷ್ಟಪಡುತ್ತಿದ್ದವರು. ಆದ್ದರಿಂದ 1986ರಲ್ಲಿ ಆಲ್ಬ್ರೆಕ್ಟ್‌ಸನ್ ಮತ್ತು ಸಂಗಡಿಗರು ಯಶಸ್ಸಿನ ಮಾನದಂಡಗಳನ್ನು ಪಟ್ಟಿಮಾಡಿದಾಗ ತಿರುಪು ಅಲುಗಾಡಬಾರದು, ನೋವು ಮತ್ತು ಸೋಂಕು ಇರಬಾರದು, ಮೊದಲ ವರ್ಷದ ನಂತರ ಮೂಳೆಯ ನಷ್ಟ ವರ್ಷಕ್ಕೆ 0.2 ಮಿ.ಮೀ. ಮೀರಬಾರದು ಎಂಬಂಥ ಅಂಶಗಳೇ ಅದರಲ್ಲಿದ್ದವು. ನೋಟದ ಅಂದಕ್ಕೆ ಅಲ್ಲಿ ಅಂಕವಿರಲಿಲ್ಲ.

ಹಲ್ಲು ಕಿತ್ತ ಕೂಡಲೇ ಇಟ್ಟ ಇಂಪ್ಲಾಂಟುಗಳ ಬಗ್ಗೆ ಲಾಂಗ್ ಮತ್ತು ಸಂಗಡಿಗರು 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಎರಡು ವರ್ಷಗಳ ನಂತರ ಶೇಕಡ 98.4ರಷ್ಟು ಇಂಪ್ಲಾಂಟುಗಳು ಬಾಯಲ್ಲಿ ಉಳಿದಿದ್ದವು. ಅದೇ ವರದಿಯಲ್ಲಿ ಇನ್ನೊಂದು ಅಂಶವೂ ಇದೆ: ತಿರುಪನ್ನು ತಕ್ಷಣ ಇಟ್ಟು ಹಲ್ಲನ್ನು ತಡವಾಗಿ ಕಟ್ಟಿದವರಲ್ಲಿ ಸುಮಾರು ಐದರಲ್ಲೊಬ್ಬರಿಗೆ ತುಟಿಯ ಕಡೆಯ ಒಸಡು ಮೇಲೆ ಸರಿದು ಅಂದ ತೃಪ್ತಿಕರವಾಗಿರಲಿಲ್ಲ. ಒಂದೇ ವರದಿ, ಎರಡು ಸಂಖ್ಯೆಗಳು. ಜನರ ಕಿವಿಗೆ ಬೀಳುವುದು ಮಾತ್ರ ಮೊದಲನೆಯದೇ.

ಹೊಸಪೇಟೆಯವರಿಗೆ ಈ ವ್ಯತ್ಯಾಸವನ್ನು ವಿವರಿಸಲು ಬೇರೆ ಉದಾಹರಣೆ ಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ, ತಂತ್ರಜ್ಞರು ಸ್ಟಾಪ್‌ಲಾಗ್ ತುಂಡುಗಳನ್ನು ಇಳಿಸಿ ನೀರನ್ನು ನಿಲ್ಲಿಸಿದರು. ‘ನೀರು ನಿಂತಿತೆ?’ ಎಂಬ ಪ್ರಶ್ನೆಗೆ ಹೌದು ಎಂಬುದೇ ಉತ್ತರ. ಅದು ದೊಡ್ಡ ಸಾಧನೆ. ‘ಗೇಟಿನಂತೆ ಏರಿಸಿ ಇಳಿಸಲು ಬರುತ್ತದೆಯೆ?’ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಇಂಪ್ಲಾಂಟ್ ಉಳಿಯಿತೆ ಎಂಬುದೂ ಒಪ್ಪುವಂತೆ ಕಾಣುತ್ತಿದೆಯೆ ಎಂಬುದೂ ಹೀಗೆಯೇ ಎರಡು ಬೇರೆ ಪ್ರಶ್ನೆಗಳು.

ಒಸಡು ಸರಿಯುವುದೇಕೆ?

ಮೇಲ್ದವಡೆಯ ಮುಂದಿನ ಹಲ್ಲುಗಳ ಬೇರನ್ನು ತುಟಿಯ ಕಡೆಯಿಂದ ಮುಚ್ಚಿರುವ ಮೂಳೆಗೋಡೆ ಬಹಳ ತೆಳು. 250 ಜನರ ದವಡೆಗಳನ್ನು ಕೋನ್ ಬೀಮ್ ಸಿ.ಟಿ. ಯಂತ್ರದಿಂದ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಬಹುಪಾಲು ಜಾಗಗಳಲ್ಲಿ ಈ ಗೋಡೆ 1 ಮಿ.ಮೀ.ಗಿಂತ ದಪ್ಪವಿರಲಿಲ್ಲ. ಸುಮಾರು ಅರ್ಧದಷ್ಟು ಕಡೆ 0.5 ಮಿ.ಮೀ. ಅಥವಾ ಅದಕ್ಕೂ ಕಡಿಮೆ ಇತ್ತು. ನಿಮ್ಮ ನೋಟ್‌ಪುಸ್ತಕದ ಐದಾರು ಹಾಳೆಗಳನ್ನು ಒತ್ತಿ ಹಿಡಿದರೆ ಎಷ್ಟು ದಪ್ಪವೋ ಅಷ್ಟು.

ಈ ಗೋಡೆಯ ರಕ್ತಪೂರೈಕೆಯ ಒಂದು ದೊಡ್ಡ ಪಾಲು ಬೇರನ್ನು ಮೂಳೆಗೆ ಕಟ್ಟಿಹಿಡಿಯುವ ನಾರುಪೊರೆಯಿಂದ ಬರುತ್ತದೆ. ಹಲ್ಲು ಕಿತ್ತರೆ ಪೊರೆಯೂ ಹೋಗುತ್ತದೆ, ಗೋಡೆ ಕರಗತೊಡಗುತ್ತದೆ. ಕುಳಿಯಲ್ಲಿ ಕೂಡಲೇ ತಿರುಪನ್ನು ಕೂರಿಸಿದರೆ ಮೂಳೆ ಕರಗದೆ ಉಳಿಯಬಹುದು ಎಂಬ ನಿರೀಕ್ಷೆ ಬಹುಕಾಲ ಇತ್ತು. 2004ರಲ್ಲಿ ಬೊಟಿಚೆಲ್ಲಿ, ಬರ್ಗ್‌ಲುಂಡ್ ಮತ್ತು ಲಿಂಡೆ 18 ರೋಗಿಗಳ 21 ಇಂಪ್ಲಾಂಟುಗಳನ್ನು ನಾಲ್ಕು ತಿಂಗಳ ನಂತರ ತೆರೆದು ಅಳೆದಾಗ ತುಟಿಯ ಕಡೆಯ ಮೂಳೆ ಅಡ್ಡಳತೆಯಲ್ಲಿ ಸುಮಾರು ಶೇಕಡ 56ರಷ್ಟು ಕಡಿಮೆಯಾಗಿತ್ತು. ಮರುವರ್ಷ ಪ್ರಕಟವಾದ, ನಾಯಿಗಳ ಮೇಲಿನ ಪ್ರಯೋಗವೂ ಇದನ್ನೇ ತೋರಿಸಿತು. ತಿರುಪು ಮೂಳೆಗೆ ಬೆಸೆದುಕೊಳ್ಳುತ್ತದೆ, ಆದರೆ ನಾರುಪೊರೆಯ ಕೆಲಸವನ್ನು ಮಾಡುವುದಿಲ್ಲ. ಮೂಳೆ ಇಳಿದರೆ ಅದರ ಆಸರೆಯಲ್ಲಿರುವ ಒಸಡು ಸರಿಯುತ್ತದೆ. ಆಗ ಹೊಸ ಹಲ್ಲು ಪಕ್ಕದ ಜೊತೆಗಾರನಿಗಿಂತ ಉದ್ದವಾಗಿ ಕಾಣುತ್ತದೆ.

ತಿರುಪನ್ನು ಎಲ್ಲಿ ಕೂರಿಸಿದ್ದಾರೆ ಎಂಬುದೂ ಮುಖ್ಯ. ಇವಾನ್ಸ್ ಮತ್ತು ಚೆನ್ 2008ರಲ್ಲಿ 42 ತಕ್ಷಣದ ಇಂಪ್ಲಾಂಟುಗಳನ್ನು ಪರಿಶೀಲಿಸಿದಾಗ, ತುಟಿಯ ಕಡೆಗೆ ವಾಲಿದವುಗಳಲ್ಲಿ ಒಸಡು ಸರಾಸರಿ 1.8 ಮಿ.ಮೀ. ಸರಿದಿತ್ತು, ಅಂಗುಳದ ಕಡೆಗೆ ಇಟ್ಟವುಗಳಲ್ಲಿ 0.6 ಮಿ.ಮೀ. ಮಾತ್ರ. ಮೂರು ಪಟ್ಟು ವ್ಯತ್ಯಾಸ! ಅಂದರೆ ‘ತಕ್ಷಣದ ಇಂಪ್ಲಾಂಟಿನ ಫಲಿತಾಂಶ’ ಎಂಬ ಒಂದೇ ವಸ್ತುವಿಲ್ಲ. ಯಾರ ದವಡೆ, ಯಾರ ಕೈ ಎಂಬುದರ ಮೇಲೆ ಅದು ನಿಂತಿದೆ.

ಅಂಕಪಟ್ಟಿಯ ಒಳಗೆ

ಅಂದವನ್ನು ಸಂಖ್ಯೆಯಾಗಿಸಲು 2005ರಲ್ಲಿ ಫ್ಯೂರ್‌ಹೌಸರ್ ಮತ್ತು ಸಂಗಡಿಗರು ‘ಪಿಂಕ್ ಎಸ್ಥೆಟಿಕ್ ಸ್ಕೋರ್’ ಎಂಬ ಅಂಕಪಟ್ಟಿಯನ್ನು ರೂಪಿಸಿದರು. ಪಿಂಕ್ ಎಂದರೆ ಇಲ್ಲಿ ಒಸಡು. ಹಲ್ಲಿನ ಎರಡೂ ಪಕ್ಕದ ಒಸಡಿನ ತ್ರಿಕೋನಗಳು, ಒಸಡಿನ ಅಂಚಿನ ಮಟ್ಟ, ಅಂಚಿನ ಆಕಾರ, ಮೂಳೆದಿಂಡಿನ ತಗ್ಗು, ಬಣ್ಣ, ಮೇಲ್ಮೈ, ಹೀಗೆ ಏಳು ಅಂಶಗಳು. ಪ್ರತಿಯೊಂದಕ್ಕೂ 0, 1 ಅಥವಾ 2 ಅಂಕ, ಒಟ್ಟು 14. ಹಲ್ಲಿನ ಬಿಳಿ ಭಾಗಕ್ಕೆ 2009ರಲ್ಲಿ ಬೆಲ್ಸರ್ ಮತ್ತು ಸಂಗಡಿಗರು 10 ಅಂಕಗಳ ಇನ್ನೊಂದು ಪಟ್ಟಿಯನ್ನು ಕೊಟ್ಟರು. ‘ಚೆನ್ನಾಗಿದೆ’ ಎಂಬ ಬಾಯಿಮಾತಿನ ಜಾಗದಲ್ಲಿ ಇವು ಬಂದದ್ದು ನಿಜವಾದ ಪ್ರಗತಿ. ಆದರೂ ಪರೀಕ್ಷಾ ಅಂಕಗಳನ್ನು ಕೂಡಿ ಅನುಭವವಿರುವ ಅಧ್ಯಾಪಕರಿಗೆ ಇದರ ದೌರ್ಬಲ್ಯ ತಕ್ಷಣ ಹೊಳೆಯುತ್ತದೆ.

ಕಂಪ್ಲಿಯ ಒಬ್ಬ ಯುವತಿಯ ಬಾಚಿಹಲ್ಲಿನ ಒಸಡು 2 ಮಿ.ಮೀ.ಗಿಂತ ಹೆಚ್ಚು ಮೇಲೆ ಸರಿದಿದೆ ಎಂದು ಇಟ್ಟುಕೊಳ್ಳಿ. ನಕ್ಕರೆ ಎಲ್ಲರಿಗೂ ಕಾಣುತ್ತದೆ. ಅಂಚಿನ ಮಟ್ಟಕ್ಕೆ ಆಕೆಗೆ ಸಿಗುವ ಅಂಕ ಸೊನ್ನೆ. ಉಳಿದ ಆರು ಅಂಶಗಳಲ್ಲಿ ಪೂರ್ಣ ಅಂಕ ಬಂದರೆ ಮೊತ್ತ 12. ಕೆಲವು ಅಧ್ಯಯನಗಳು 12 ಮತ್ತು ಅದಕ್ಕೂ ಹೆಚ್ಚಿನ ಅಂಕವನ್ನು ‘ಬಹುತೇಕ ಪರಿಪೂರ್ಣ’ ಎಂಬ ಗುಂಪಿಗೆ ಸೇರಿಸಿವೆ! ಗಣಿತದಲ್ಲಿ ಸೊನ್ನೆ ಬಂದ ವಿದ್ಯಾರ್ಥಿ ಉಳಿದ ಆರು ವಿಷಯಗಳ ಬಲದಿಂದ ಉನ್ನತ ದರ್ಜೆ ಪಡೆದಂತಾಯಿತು. ಶಾಲೆಯಲ್ಲಿ ನಾವು ಪ್ರತಿ ವಿಷಯಕ್ಕೂ ಕನಿಷ್ಠ ಅಂಕವನ್ನು ನಿಗದಿಮಾಡುವುದು ಇದಕ್ಕಾಗಿಯೇ.

ಇನ್ನೊಂದು ದೋಷ, 0ಯಿಂದ 1ಕ್ಕೂ 1ರಿಂದ 2ಕ್ಕೂ ಇರುವ ಅಂತರ ಸಮ ಎಂದು ಭಾವಿಸುವುದು. ಇವು ದರ್ಜೆಯ ಗುರುತುಗಳೇ ಹೊರತು ಮೀಟರು, ಕಿಲೋಗ್ರಾಮುಗಳಂಥ ಅಳತೆಗಳಲ್ಲ. ಒಸಡಿನ ಬಣ್ಣದ ಒಂದು ಅಂಕವೂ ಅಂಚಿನ ಮಟ್ಟದ ಒಂದು ಅಂಕವೂ ಸಮಾನವೆನ್ನಲು ಯಾವ ಆಧಾರವಿದೆ? ಅಂಕ ಕೊಡುವವರು ಯಾರು ಎಂಬುದೂ ಫಲಿತಾಂಶವನ್ನು ಬದಲಿಸುತ್ತದೆ. 2005ರ ಮೂಲ ಅಧ್ಯಯನದಲ್ಲೇ 20 ಮಂದಿ ವೀಕ್ಷಕರು 30 ಇಂಪ್ಲಾಂಟುಗಳಿಗೆ ಅಂಕ ಕೊಟ್ಟಾಗ, ಹಲ್ಲು ಸಾಲುಗೂಡಿಸುವ ತಜ್ಞರು ಉಳಿದವರಿಗಿಂತ ಬಿಗಿಯಾಗಿ ಅಂಕ ಕೊಟ್ಟಿದ್ದರು. ಚಿಕಿತ್ಸೆ ಮಾಡಿದವರೇ ಮೌಲ್ಯಮಾಪನವನ್ನೂ ಮಾಡಿದರೆ ಏನಾದೀತು ಎಂಬುದನ್ನು ನೀವೇ ಊಹಿಸಿ.

ಛಾಯಾಚಿತ್ರ ಎಷ್ಟು ನಂಬಿಕಸ್ಥ?

ಹಂಪಿಗೆ ಹೋದವರು ವಿರೂಪಾಕ್ಷ ದೇವಾಲಯದ ಸುಮಾರು 50 ಮೀಟರ್ ಎತ್ತರದ ಗೋಪುರವನ್ನು ಎರಡು ಬೆರಳುಗಳ ನಡುವೆ ಹಿಡಿದಂತೆ ಫೋಟೋ ತೆಗೆಸಿಕೊಳ್ಳುವುದನ್ನು ನೋಡಿರುತ್ತೀರಿ. ಅದು ತಮಾಷೆ ಎಂದು ಎಲ್ಲರಿಗೂ ಗೊತ್ತು. ಬಾಯಿಯ ಫೋಟೋದಲ್ಲಿ ಅಂಥದೇ ಜ್ಯಾಮಿತಿ ಕೆಲಸ ಮಾಡಿದರೆ ಗೊತ್ತಾಗುವುದಿಲ್ಲ.

ಬಾಚಿಹಲ್ಲಿನ ಕಾಣುವ ಭಾಗ ಸುಮಾರು 10 ಮಿ.ಮೀ. ಉದ್ದ. ಕ್ಯಾಮೆರಾ ನೇರವಾಗಿರದೆ 20 ಡಿಗ್ರಿ ವಾಲಿದ್ದರೆ ಚಿತ್ರದಲ್ಲಿ ಅದರ ಉದ್ದ 10 × ಕೊಸೈನ್ 20°, ಅಂದರೆ 9.4 ಮಿ.ಮೀ. ಆಗುತ್ತದೆ. ವ್ಯತ್ಯಾಸ 0.6 ಮಿ.ಮೀ. ಮೊದಲ ವರ್ಷದಲ್ಲಿ ಒಸಡು ಸರಿಯುವ ಸರಾಸರಿಯೂ ಹಲವು ಅಧ್ಯಯನಗಳಲ್ಲಿ ಇಷ್ಟರ ಆಸುಪಾಸಿನಲ್ಲೇ ಇದೆ. ಕಾನ್ ಮತ್ತು ಸಂಗಡಿಗರ 2003ರ ವರದಿಯಲ್ಲಿ ಅದು 0.55 ಮಿ.ಮೀ. ಪಕ್ಕದ ಹಲ್ಲಿಗೆ ಹೋಲಿಸಿ ಅಳೆದರೆ ದೋಷದ ಬಹುಪಾಲು ರದ್ದಾಗುತ್ತದೆ ನಿಜ. ಆದರೆ ಎರಡೂ ಹಲ್ಲುಗಳು ಒಂದೇ ಓರೆಯಲ್ಲಿರಬೇಕು. ಇನ್ನು ಒಸಡನ್ನು ನೇರವಾಗಿ ಅಳೆಯುವ ಸಲಾಕೆಯ ಮೇಲಿನ ಗೀಟುಗಳು ಸಾಮಾನ್ಯವಾಗಿ 1 ಮಿ.ಮೀ. ಅಂತರದಲ್ಲಿರುತ್ತವೆ. ಉಪಕರಣದ ಕನಿಷ್ಠ ಅಳತೆಗಿಂತ ಚಿಕ್ಕದಾದ ಬದಲಾವಣೆಯನ್ನು ಎರಡು ದಶಮಾಂಶ ಸ್ಥಾನಗಳವರೆಗೆ ಬರೆದಾಗ ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಯನ್ನು ತಡೆದು ಪ್ರಶ್ನಿಸುವುದಿಲ್ಲವೆ?

ಒಂದು ಮಿಲಿಮೀಟರಿಗೆ ಇಷ್ಟು ತಕರಾರೇಕೆ ಎನ್ನಬೇಡಿ. ಸ್ವಾಭಾವಿಕ ಹಲ್ಲುಗಳ ಮೇಲೆ 1992ರಲ್ಲಿ ಟಾರ್ನೋ ಮತ್ತು ಸಂಗಡಿಗರು ಮಾಡಿದ ಅಳತೆಯಲ್ಲಿ, ಹಲ್ಲುಗಳು ಪರಸ್ಪರ ತಾಗುವ ಬಿಂದುವಿನಿಂದ ಮೂಳೆಯ ಅಂಚಿಗೆ 5 ಮಿ.ಮೀ. ಅಥವಾ ಕಡಿಮೆ ದೂರವಿದ್ದಾಗ ನಡುವಿನ ಒಸಡಿನ ತ್ರಿಕೋನ ಬಹುತೇಕ ಯಾವಾಗಲೂ ತುಂಬಿಕೊಂಡಿತ್ತು. 6 ಮಿ.ಮೀ. ಆದಾಗ ಶೇಕಡ 56ರಷ್ಟು ಕಡೆ ಮಾತ್ರ, 7 ಮಿ.ಮೀ. ಆದಾಗ ಶೇಕಡ 27ರಷ್ಟು ಕಡೆ ಮಾತ್ರ ತುಂಬಿತ್ತು. ಉಳಿದ ಕಡೆ ಹಲ್ಲುಗಳ ನಡುವೆ ಕಪ್ಪು ಕಿಂಡಿ.

ಬಣ್ಣದ ಭೌತವಿಜ್ಞಾನ

ಹಲ್ಲಿನ ಬಣ್ಣ ಗೋಡೆಗೆ ಬಳಿದ ಬಣ್ಣದಂತಲ್ಲ. ಬೆಳಕು ಎನಾಮೆಲ್‌ನ ಒಳಹೊಕ್ಕು, ಚದರಿ, ಒಳಗಿನ ಡೆಂಟಿನ್‌ನ ಹಳದಿ ಛಾಯೆಯನ್ನು ಹೊತ್ತು ಹೊರಬರುತ್ತದೆ. ಪಿಂಗಾಣಿ ಹಲ್ಲು ಇದನ್ನು ಬೇರೆ ವಸ್ತುಗಳಿಂದ ಅನುಕರಿಸುತ್ತದೆ. ಎರಡು ವಸ್ತುಗಳು ಒಂದು ದೀಪದಡಿ ಒಂದೇ ಬಣ್ಣವಾಗಿ, ಇನ್ನೊಂದು ದೀಪದಡಿ ಬೇರೆಯಾಗಿ ಕಾಣಬಹುದು. ಇದಕ್ಕೆ ಮೆಟಮೆರಿಸಂ ಎನ್ನುತ್ತಾರೆ. ಟ್ಯೂಬ್‌ಲೈಟಿನಲ್ಲಿ ಆರಿಸಿದ ಸೀರೆಗೆ ಹೊಂದುವ ರವಿಕೆಯ ಬಟ್ಟೆ ಬಿಸಿಲಿನಲ್ಲಿ ಹೊಂದದೇ ಇರುವ ಅನುಭವ ಎಲ್ಲ ಮನೆಗಳಲ್ಲೂ ಇದೆ. ಚಿಕಿತ್ಸಾಲಯದ ಒಂದು ದೀಪದಡಿ ತೆಗೆದ ಒಂದು ಫೋಟೋ ಈ ಪರೀಕ್ಷೆಯನ್ನು ಮಾಡಿಲ್ಲ.

ನಮ್ಮ ಪ್ರದೇಶಕ್ಕೆ ಇನ್ನೊಂದು ತೊಡಕಿದೆ. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು ಲೀಟರಿಗೆ 1 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ. ಬಾಲ್ಯದಲ್ಲಿ ಇದಕ್ಕಿಂತ ಹೆಚ್ಚು ಫ್ಲೋರೈಡ್ ಕುಡಿದವರ ಹಲ್ಲುಗಳಲ್ಲಿ ಸುಣ್ಣದಂಥ ಬಿಳಿ ಗೆರೆಗಳು, ಕಂದು ಮಚ್ಚೆಗಳು ಇರುತ್ತವೆ. ಬಣ್ಣ ಹೊಂದಿಸಲು ಬಹುಕಾಲದಿಂದ ಬಳಕೆಯಲ್ಲಿರುವ ವೀಟಾ ಮಾದರಿ ಪಟ್ಟಿಯಲ್ಲಿರುವುದು 16 ಛಾಯೆಗಳು. ಮಚ್ಚೆಯಿರುವ ಹಲ್ಲಿನ ಪಕ್ಕದಲ್ಲಿ ಮಚ್ಚೆಯಿಲ್ಲದ ‘ಪರಿಪೂರ್ಣ’ ಹಲ್ಲೇ ಎದ್ದು ಕಾಣುವ ದೋಷವಾಗುತ್ತದೆ. ಬೇರೆ ದೇಶದ ಅಧ್ಯಯನದ ಬಿಳಿ ಅಂಕಗಳನ್ನು ಇಲ್ಲಿಗೆ ಹಾಗೆಯೇ ತರಲಾಗದು.

ಒಸಡಿನ ಅಡಿಯಿಂದ ಲೋಹದ ಬೂದು ಛಾಯೆ ಕಾಣುವ ಪ್ರಶ್ನೆಯೂ ಇದೆ. ಹಂದಿಯ ದವಡೆಯ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಸಡು 3 ಮಿ.ಮೀ. ದಪ್ಪವಿದ್ದಾಗ ಅಡಿಯಲ್ಲಿ ಯಾವ ವಸ್ತು ಇದ್ದರೂ ಕಣ್ಣಿಗೆ ವ್ಯತ್ಯಾಸ ತಿಳಿಯಲಿಲ್ಲ. ತೆಳುವಾದಂತೆ ಟೈಟೇನಿಯಮ್‌ನ ಛಾಯೆ ಎಲ್ಲಕ್ಕಿಂತ ಹೆಚ್ಚಾಗಿ ಬಣ್ಣ ಕೆಡಿಸಿತು. ಆದ್ದರಿಂದ ಒಸಡಿನ ದಪ್ಪವನ್ನು ಮೊದಲೇ ನೋಡದೆ ಬಣ್ಣದ ಭರವಸೆ ಕೊಡಲು ಬರುವುದಿಲ್ಲ.

ಸರಾಸರಿಯ ಮರೆಯಲ್ಲಿ

ಹತ್ತು ರೋಗಿಗಳಿದ್ದಾರೆ ಎಂದುಕೊಳ್ಳಿ. ಒಂಬತ್ತು ಮಂದಿಯಲ್ಲಿ ಒಸಡು 0.3 ಮಿ.ಮೀ. ಸರಿದಿದೆ, ಒಬ್ಬರಲ್ಲಿ 2.3 ಮಿ.ಮೀ. ಸರಾಸರಿ 0.5 ಮಿ.ಮೀ. ಬರುತ್ತದೆ. ವರದಿಯಲ್ಲಿ ‘ಅರ್ಧ ಮಿಲಿಮೀಟರ್’ ಎಂದು ಓದಿದವರಿಗೆ ಆ ಹತ್ತನೆಯವರು ಕಾಣುವುದೇ ಇಲ್ಲ. ಆದ್ದರಿಂದ ಚೆನ್ ಮತ್ತು ಬ್ಯೂಸರ್ 2014ರ ಪರಾಮರ್ಶೆಯಲ್ಲಿ ಸರಾಸರಿಯ ಜೊತೆಗೆ ‘1 ಮಿ.ಮೀ.ಗಿಂತ ಹೆಚ್ಚು ಸರಿದವರೆಷ್ಟು?’ ಎಂದು ಕೇಳಿದ್ದು ಸರಿಯಾದ ಕ್ರಮ. ತಕ್ಷಣದ ಇಂಪ್ಲಾಂಟುಗಳಲ್ಲಿ, ಒಂದರಿಂದ ಮೂರು ವರ್ಷಗಳ ನಂತರ, ಈ ಪ್ರಮಾಣ ಅಧ್ಯಯನದಿಂದ ಅಧ್ಯಯನಕ್ಕೆ ಶೇಕಡ 9ರಿಂದ 41ರವರೆಗೆ ಇತ್ತು. ಮಧ್ಯಾಂಕ ಶೇಕಡ 26.

ಕಾಲವೂ ಒಂದು ಚರ. ಕಾನ್ ತಂಡ ತನ್ನ ಅದೇ ರೋಗಿಗಳನ್ನು ಮತ್ತೆ ನೋಡಿ 2011ರಲ್ಲಿ ವರದಿ ಮಾಡಿತು. ಸರಾಸರಿ ನಾಲ್ಕು ವರ್ಷಗಳಲ್ಲಿ ಎಲ್ಲ ಇಂಪ್ಲಾಂಟುಗಳೂ ಉಳಿದಿದ್ದವು. ಆದರೆ ಒಸಡಿನ ಸರಿತ 0.55ರಿಂದ 1.13 ಮಿ.ಮೀ.ಗೆ ಏರಿತ್ತು. ಒಂದು ವರ್ಷಕ್ಕೇ ಮುಗಿದ ಅಧ್ಯಯನ ಇದನ್ನು ಹಿಡಿಯಲಾರದು.

ಇನ್ನು ಯಾರನ್ನು ಆರಿಸಿಕೊಂಡಿದ್ದಾರೆ ಎಂಬ ಪ್ರಶ್ನೆ. ಅತ್ಯುತ್ತಮ ಫಲಿತಾಂಶಗಳು ಬಂದಿರುವುದು ಮೂಳೆಗೋಡೆ ಪೂರ್ತಿ ಇದ್ದ, ಒಸಡು ದಪ್ಪವಿದ್ದ, ಸೋಂಕಿಲ್ಲದ, ಧೂಮಪಾನ ಮಾಡದ ರೋಗಿಗಳಲ್ಲಿ. ಅಪಘಾತದಲ್ಲಿ ಹಲ್ಲಿನ ಜೊತೆ ಮೂಳೆಯೂ ಒಡೆದವರಿಗೆ ಆ ಸಂಖ್ಯೆ ಅನ್ವಯಿಸುವುದಿಲ್ಲ.

ಇದರರ್ಥ ತಕ್ಷಣದ ಇಂಪ್ಲಾಂಟ್ ಕೆಟ್ಟದ್ದು ಎಂದಲ್ಲ. ತಕ್ಷಣ ಇಟ್ಟ ತಿರುಪಿನ ಮೇಲೆ ತಾತ್ಕಾಲಿಕ ಹಲ್ಲನ್ನೂ ತಕ್ಷಣವೇ ಕಟ್ಟಿದರೆ ಒಸಡಿಗೆ ಆಸರೆ ಸಿಗುತ್ತದೆ. ಡಿ ರೌಕ್ ಮತ್ತು ಸಂಗಡಿಗರ 2009ರ ಪ್ರಯೋಗದಲ್ಲಿ ಹಾಗೆ ಮಾಡಿದವರಲ್ಲಿ ಸರಿತ 0.41 ಮಿ.ಮೀ., ತಡಮಾಡಿದವರಲ್ಲಿ 1.16 ಮಿ.ಮೀ. ಇತ್ತು. ಕುಳಿಯ ಸಂದಿಗೆ ಮೂಳೆಪುಡಿ ತುಂಬುವುದು, ಅಂಗುಳದಿಂದ ಅಂಗಾಂಶ ತೆಗೆದು ಒಸಡನ್ನು ದಪ್ಪಗೊಳಿಸುವುದು ಮುಂತಾದ ಕ್ರಮಗಳೂ ಇವೆ. 2010ರ ಕಾಕ್ರೇನ್ ಪರಾಮರ್ಶೆ ಆಧಾರ ಸಾಲದು ಎಂದು ಹೇಳುತ್ತಲೇ, ತಕ್ಷಣದ ಕ್ರಮದಲ್ಲಿ ವೈಫಲ್ಯದ ಅಪಾಯ ಹೆಚ್ಚಿರಬಹುದು, ಅಂದ ಉತ್ತಮವಿರಬಹುದು ಎಂದು ಸೂಚಿಸಿತ್ತು. ಆದರೆ 2017ರಲ್ಲಿ ಟೊನೆಟ್ಟಿ ತಂಡವು 124 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿದಾಗ, ತಕ್ಷಣದ ಗುಂಪಿನಲ್ಲಿ ಶೇಕಡ 42ರಷ್ಟು, ಕಾದು ಇಟ್ಟ ಗುಂಪಿನಲ್ಲಿ ಶೇಕಡ 19ರಷ್ಟು ಪ್ರಕರಣಗಳಲ್ಲಿ ಒಸಡಿನ ಅಂದ ಸಾಲದಾಗಿತ್ತು. ಬೇಗ ಮುಗಿಯುವುದು ಒಂದು ಲಾಭ. ಅಂದ ಹೆಚ್ಚುವುದು ಇನ್ನೊಂದು. ಮೊದಲನೆಯದು ಸಿಕ್ಕರೆ ಎರಡನೆಯದೂ ಸಿಕ್ಕಂತಲ್ಲ.

ಶಾಲೆಯಲ್ಲಿ ಹಲ್ಲು ಬಿದ್ದರೆ

ಅಧ್ಯಾಪಕರು ತಿಳಿದಿರಲೇಬೇಕಾದ ಎರಡು ಮಾತುಗಳಿವೆ. ಆಟದ ಮೈದಾನದಲ್ಲಿ ಮಗುವಿನ ಶಾಶ್ವತ ಹಲ್ಲು ಬೇರುಸಹಿತ ಕಳಚಿದರೆ ಅದಕ್ಕಿಂತ ಒಳ್ಳೆಯ ಇಂಪ್ಲಾಂಟ್ ಬೇರೊಂದಿಲ್ಲ. ಬೇರನ್ನು ಮುಟ್ಟದೆ, ಮೇಲ್ಭಾಗವನ್ನು ಹಿಡಿದು, ಕೊಳೆಯಿದ್ದರೆ ಕ್ಷಣಕಾಲ ತೊಳೆದು, ಸಾಧ್ಯವಾದರೆ ಅದೇ ಕುಳಿಗೆ ಸೇರಿಸಿ. ಆಗದಿದ್ದರೆ ಹಾಲಿನಲ್ಲಿ ಹಾಕಿ ದಂತವೈದ್ಯರಲ್ಲಿಗೆ ಧಾವಿಸಿ. ಒಣಗಿದ ಬೇರಿನ ನಾರುಪೊರೆಯ ಜೀವಕೋಶಗಳು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಸಾಯುತ್ತವೆ. ಸಂಡೂರಾಗಲಿ ಕಂಪ್ಲಿಯಾಗಲಿ ಹೊಸಪೇಟೆಗೆ ಸುಮಾರು ಮೂವತ್ತು ಕಿ.ಮೀ. ದೂರ. ಬಸ್ಸಿನ ಆ ಪ್ರಯಾಣದಲ್ಲಿ ಹಲ್ಲನ್ನು ಉಳಿಸುವುದು ಒಂದು ಲೋಟ ಹಾಲು. ಹಾಲುಹಲ್ಲನ್ನು ಮಾತ್ರ ಮರಳಿ ಕೂರಿಸಬಾರದು.

ಎರಡನೆಯದು, ಬೆಳೆಯುತ್ತಿರುವ ಮಕ್ಕಳಿಗೆ ಇಂಪ್ಲಾಂಟ್ ಸಲ್ಲದು. ದವಡೆ ಬೆಳೆದಂತೆ ಸ್ವಂತ ಹಲ್ಲುಗಳು ಮೂಳೆಯೊಡನೆ ಮುಂದುವರಿಯುತ್ತವೆ. ಮೂಳೆಗೆ ಬೆಸೆದ ತಿರುಪು ಇದ್ದಲ್ಲೇ ಇರುತ್ತದೆ. ಕೆಲವು ವರ್ಷಗಳಲ್ಲಿ ಅದು ಕುಗ್ಗಿದಂತೆ ಕಾಣುತ್ತದೆ. ‘ಒಂದೇ ದಿನದಲ್ಲಿ ಹಲ್ಲು’ ಎಂಬ ಮಾತಿಗೆ ಒಂಬತ್ತನೆಯ ತರಗತಿಯ ಹುಡುಗಿಯ ಪಾಲಕರು ಮರುಳಾಗದಂತೆ ನೀವು ನೋಡಿಕೊಳ್ಳಬಹುದು.

ತರಗತಿಯಲ್ಲಿ ಒಂದು ಪ್ರಯೋಗವನ್ನೂ ಮಾಡಿಸಿ. ಗ್ರಾಫ್ ಹಾಳೆಯ ಮೇಲೆ 10 ಸೆಂ.ಮೀ. ಗೆರೆ ಎಳೆದು, ಹಾಳೆಯನ್ನು 0, 10, 20, 30 ಡಿಗ್ರಿ ವಾಲಿಸಿ, ಕ್ಯಾಮೆರಾ ಕದಲದಂತೆ ಇಟ್ಟು ಫೋಟೋ ತೆಗೆಯಲಿ. ಚಿತ್ರದಲ್ಲಿ ಅಳೆದ ಉದ್ದವನ್ನು ಕೊಸೈನ್ ಕೋಷ್ಟಕದೊಂದಿಗೆ ಹೋಲಿಸಲಿ. ‘ಮೊದಲು–ನಂತರ’ ಚಿತ್ರಗಳನ್ನು ಪ್ರಶ್ನಿಸುವ ಅಭ್ಯಾಸ ಅಲ್ಲಿಂದ ಆರಂಭವಾಗುತ್ತದೆ.

ಚಿಕಿತ್ಸೆಗೆ ಹೊರಟವರು ವೈದ್ಯರನ್ನು ವಿನಯದಿಂದಲೇ ಕೇಳಬಹುದಾದ ಪ್ರಶ್ನೆಗಳು ಇವು: ನನ್ನ ಮೂಳೆಗೋಡೆ ಪೂರ್ತಿ ಇದೆಯೆ, ಎಷ್ಟು ದಪ್ಪವಿದೆ? ನನ್ನ ಒಸಡು ತೆಳುವೆ? ನಕ್ಕಾಗ ಒಸಡು ಕಾಣುವಷ್ಟು ನನ್ನ ತುಟಿ ಮೇಲೇರುತ್ತದೆಯೆ? ಆರೆಂಟು ವಾರ ಕಾದು ಇಟ್ಟರೆ ನನಗೆ ಹೆಚ್ಚು ಒಳ್ಳೆಯದೆ? ಮೂರು ವರ್ಷ ಕಳೆದ ನಿಮ್ಮ ರೋಗಿಗಳ ಫೋಟೋಗಳಿವೆಯೆ?

ಕೊನೆಯ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕಾದರೆ ದಾಖಲೆ ಇಡಬೇಕು. ಒಂದೇ ಕ್ಯಾಮೆರಾ, ಒಂದೇ ಕೋನ, ಒಂದೇ ಬೆಳಕು, ಪಕ್ಕದಲ್ಲೊಂದು ಅಳತೆಪಟ್ಟಿ, ವಾಪಸು ಬಾರದ ರೋಗಿಗಳ ಲೆಕ್ಕ, ಅಂಕ ಕೊಡಲು ಚಿಕಿತ್ಸೆ ಮಾಡದ ಇನ್ನೊಬ್ಬರು. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಂಥ ಸಂಸ್ಥೆಗಳ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬಹುದಾದ ಕೆಲಸವಿದು. ಫ್ಲೋರೈಡ್ ಮಚ್ಚೆಯ ನಮ್ಮ ಹಲ್ಲುಗಳಿಗೆ, ನಮ್ಮ ಒಸಡುಗಳಿಗೆ ಅನ್ವಯವಾಗುವ ಸಂಖ್ಯೆಗಳು ಆಗ ನಮ್ಮಲ್ಲೇ ಹುಟ್ಟುತ್ತವೆ.